ಆಯುಧಪೂಜೆಗಿಟ್ಟ ನೀಲಿ ಅಂಗಿ

2006ರ ಮಳೆಗಾಲ. ನಾನಾಗ ಭೀಮನಬೀಡಿನ ಅಂಗನವಾಡಿಯಲ್ಲಿ ಕೆಲಸಕ್ಕಿದ್ದೆ. ಹಿಂದಿನ ವರ್ಷ ಮಗಳು ಸವಿತಾ ಥ್ರೋಬಾಲ್ ತಂಡದ ಜೊತೆ ನೇಪಾಳಕ್ಕೆ ಹೋಗಿ ಗೆದ್ದು ಬಂದಿದ್ದಳು. ಊರವರು ಟ್ರ್ಯಾಕ್ಟರ್ ಮೇಲೆ ಮೆರವಣಿಗೆ ಮಾಡಿದ್ದರು. ಎದೆಯ ಮೇಲೆ 'ಇಂಡಿಯಾ' ಎಂದಿದ್ದ ಅವಳ ನೀಲಿ ಅಂಗಿಯನ್ನು ನಾನು ಬೇರೆ ಬಟ್ಟೆಗಳ ಜೊತೆ ನೆನೆಹಾಕುತ್ತಿರಲಿಲ್ಲ. ಒಳಮಗ್ಗುಲು ತಿರುಗಿಸಿ ನೆರಳಲ್ಲಿ ಒಣಗಿಸುತ್ತಿದ್ದೆ. ಆಯುಧಪೂಜೆಯಲ್ಲಿ ಕುಡುಗೋಲು, ಗುದ್ದಲಿಗಳ ಪಕ್ಕ ಅದನ್ನೂ ಇಟ್ಟು ಕುಂಕುಮ ಹಚ್ಚಿದ್ದೆವು. ಆ ಕಲೆ ತೊಳೆದರೂ ಹೋಗಿರಲಿಲ್ಲ.

ಆಟಗಾರರಿಗೆ ಮೀಸಲಾದ ಸರ್ಕಾರಿ ಕೆಲಸವೊಂದಕ್ಕೆ ಸವಿತಾಳನ್ನು ಚಾಮರಾಜನಗರಕ್ಕೆ ಸಂದರ್ಶನಕ್ಕೆ ಕರೆದಿದ್ದರು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಮಾದಪ್ಪಣ್ಣ ಸಿಕ್ಕಿದ.

"ಏನಮ್ಮಿ, ಆಪೀಸರ್ ಆಗ್ಬುಟ್ರೆ ನಮ್ಮ ಗುರ್ತು ಇಟ್ಕಂಡೀಯಾ?"

"ನಿನ್ನ ಮೀಸೆ ಎಲ್ಲಿದ್ರೂ ಗುರ್ತು ಸಿಕ್ತದೆ ಕಣಣ್ಣ," ಎಂದು ಸವಿತಾ ನಕ್ಕಳು.

ಚಾಮರಾಜನಗರದ ಕಚೇರಿಯಲ್ಲಿ ಅಧಿಕಾರಿ ಒಳ್ಳೆಯ ಮಾತಿನವರೇ. ನನ್ನನ್ನೂ ಒಳಗೆ ಕರೆದು ಕೂರಿಸಿದರು.

"ನೋಡಮ್ಮ, ಈ ಆಟಕ್ಕೆ ದೇಶದಲ್ಲಿ ಎರಡು ಸಂಘ ಇವೆ. ಹೊರದೇಶದ ದೊಡ್ಡ ಸಂಸ್ಥೆ, ನಮ್ಮ ಸರ್ಕಾರ ಎರಡೂ ಒಪ್ಪಿರೋದು ಇನ್ನೊಂದು ಸಂಘಾನ. ನಿಮ್ಮ ಮಗಳನ್ನ ಕಳಿಸಿದ್ದು ಅದಲ್ಲ. ಅವಳು ಆಡಿದ್ದು ನಿಜ, ಗೆದ್ದದ್ದೂ ನಿಜ. ಆದ್ರೆ ದೇಶದ ಪರವಾಗಿ ಆಡಿದ್ಲು ಅಂತ ನಾವು ಒಪ್ಪೋಕಾಗಲ್ಲ."

ಸವಿತಾ ಎದ್ದು ನಿಂತಳು. "ಸಾರ್, ಅಲ್ಲಿ ನಮ್ ಬಾವುಟ ಏರಿಸಿದ್ರು. ರಾಷ್ಟ್ರಗೀತೆ ಹಾಡಿದ್ವಿ."

"ಬಾವುಟ ಯಾರು ಬೇಕಾದ್ರೂ ಏರಿಸ್ಬೋದಮ್ಮ," ಎಂದು ಅವರು ತಲೆ ತಗ್ಗಿಸಿದರು.

ಅಂಗಿಯ ಮೇಲೆ ದೇಶದ ಹೆಸರಿದ್ದರೆ ಕಳಿಸಿದ್ದು ದೇಶವೇ ಎಂದು ನಾವು, ಇಡೀ ಊರು, ನಂಬಿದ್ದೆವು. ಯಾರು ಕಳಿಸುತ್ತಿದ್ದಾರೆ ಎಂದು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ವಾಪಸ್ ಬರುವಾಗ ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಸವಿತಾ ಕಿಟಕಿಯಾಚೆ ನೋಡುತ್ತಲೇ ಅಂದಳು: "ಅವ್ವ, ಸೋತಾಗ ಆ ನೇಪಾಳದ ಹುಡ್ಗೀರು ಬಾಳ ಅತ್ತಿದ್ರು ಕಣವ್ವ. ಅವ್ರನ್ನೂ ಇಂಗೇ ಯಾರೋ ಕರ್ಕಂಡ್ ಬಂದಿದ್ರೇನೋ."

ಬುತ್ತಿಯಲ್ಲಿದ್ದ ಚಿತ್ರಾನ್ನವನ್ನು ಇಬ್ಬರೂ ಮುಟ್ಟಲಿಲ್ಲ.

ಆ ವರ್ಷ ಆಯುಧಪೂಜೆಗೆ ಅಂಗಿ ತೆಗೆಯಲು ಹೋದರೆ ಪೆಟ್ಟಿಗೆಯಲ್ಲಿ ಇರಲಿಲ್ಲ. ಸವಿತಾ ಅದನ್ನು ತೊಟ್ಟುಕೊಂಡು ಚೆಂಡುಹೂ ಕೀಳಲು ಹೊಲಕ್ಕೆ ಹೋಗಿದ್ದಳು. ಸಂಜೆ ನಾನು ಅದನ್ನು ಎಲ್ಲ ಬಟ್ಟೆಗಳ ಜೊತೆಯಲ್ಲೇ ನೆನೆಹಾಕಿದೆ.

ಈಗಲೂ ಟಿ.ವಿ.ಯಲ್ಲಿ ಯಾರಾದರೂ ಬಾವುಟ ಹೊದ್ದು ಕುಣಿಯುತ್ತಿದ್ದರೆ, ನನ್ನ ಕಣ್ಣು ಸೋತವರನ್ನೇ ಹುಡುಕುತ್ತದೆ.