ಸೋಮವಾರದ ರಕ್ತ

ಚಿಕ್ಕವನಿದ್ದಾಗ ನಮ್ಮ ಅತ್ತೆ ಯುದ್ಧ ಮಾಡುತ್ತಾಳೆ ಎಂದೇ ನಾನು ನಂಬಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಬೆಳಿಗ್ಗೆ ಖಾಕಿ ಕೋಟು ತೊಟ್ಟು "ಯುದ್ಧನೌಕೆಗೆ ಹೋಗ್ಬರ್ತೀನಿ" ಎಂದು ಹೊರಡುವಳು, ಸಂಜೆ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಬರುವಳು. ಇನ್ನೇನು ಅಂದುಕೊಳ್ಳಬೇಕು? ತರಗತಿಯಲ್ಲಿ ಎದ್ದು ನಿಂತು, ನಮ್ಮತ್ತೆ ದಿನಾ ಫಿರಂಗಿ ಹಾರಿಸುತ್ತಾಳೆ, ಕಾಲಿಗೆ ಗುಂಡು ಬಿದ್ದರೂ ರಜೆ ಹಾಕುವುದಿಲ್ಲ ಎಂದುಬಿಟ್ಟೆ. ಮೇಷ್ಟ್ರು ಪುಳಕಗೊಂಡು ಅವಳನ್ನು ಭಾಷಣಕ್ಕೆ ಕರೆಸಿದರು. ಅತ್ತೆ ಬಂದಳು. "ನಾನು ಹಡಗು ಒರೆಸೋಳು. ಯುದ್ಧ ಮುಗಿದು ಎಷ್ಟೋ ಕಾಲ ಆಯ್ತು, ಈಗದು ಮ್ಯೂಸಿಯಂ. ಬಂದ್ರೆ ದಯವಿಟ್ಟು ಬಬಲ್‌ಗಮ್ ಅಂಟಿಸ್ಬೇಡಿ" ಎಂದು ಹೇಳಿ ಕೂತಳು. ಅಂದಿನಿಂದ ಅವಳ ಬಾಯಲ್ಲಿ ನನ್ನ ಹೆಸರು ಗಂಡುಗಲಿ.

ಈ ಗಂಡುಗಲಿ ಈಗ ಕೊರಿಯರ್ ಆಫೀಸಿನಲ್ಲಿ ಹರಿದ ಪಾರ್ಸೆಲ್‌ಗಳಿಗೆ ಟೇಪ್ ಸುತ್ತುತ್ತಾನೆ. ಅತ್ತೆ ಅದೇ ಹಡಗು ಒರೆಸುತ್ತಿದ್ದಾಳೆ. ಗುತ್ತಿಗೆದಾರರು ಬದಲಾದರು, ಕೋಟಿನ ಬಣ್ಣ ಬದಲಾಯಿತು, ಅವಳು ಮಾತ್ರ ತಾತ್ಕಾಲಿಕವಾಗಿಯೇ ಮುದುಕಿಯಾದಳು. ಕಬ್ಬಿಣದ ಏಣಿ ಹತ್ತಿಳಿದು ಎರಡೂ ಮೊಣಕಾಲು ಸವೆದಿವೆ. ಆಪರೇಷನ್ ಆಗಬೇಕು. ಕೆಲಸ ಕಾಯಂ ಆದರೆ ಖರ್ಚು ಮ್ಯೂಸಿಯಂನದು, ಇಲ್ಲದಿದ್ದರೆ ಮೊಣಕಾಲೂ ಇಲ್ಲ, ಕೆಲಸವೂ ಇಲ್ಲ. ಈ ವಾರ ಆರ್ಡರ್ ಬರುತ್ತದೆ ಎಂದು ಮ್ಯಾನೇಜರ್ ಹೇಳಿದ್ದ. ಅವನನ್ನು ಅತ್ತೆ ಪಾಲಿಶ್ ಎನ್ನುತ್ತಾಳೆ. ಬೂಟು, ತಲೆ, ಮಾತು, ಮೂರೂ ಮಿರಿಮಿರಿ ಮಿಂಚುತ್ತವೆ.

ಮನೆಯಲ್ಲಿ ಅವಳ ಫ್ರೀ ಪಾಸೊಂದು ಬಿದ್ದಿತ್ತು. ಮಂಗಳವಾರ ನನಗೆ ರಜೆ. ಪುಕ್ಕಟೆ ಸಿಕ್ಕರೆ ನರಕಕ್ಕೂ ಹೋಗಿ ಬರುವ ಜಾತಿ ನಮ್ಮದು. ಹೋದೆ.

ಹೊರಗಿನಿಂದ ನೋಡಿದರೆ ಹಡಗು ಗಂಭೀರವಾಗಿದೆ. ಒಳಗೆ ಕಾಲಿಡುತ್ತಲೇ ಬಾಗಿಲಿನ ಚೌಕಟ್ಟು ನನ್ನ ಹಣೆಗೆ ಸ್ವಾಗತ ಕೋರಿತು. ಆಮೇಲೆ ವಾಸನೆ. ಎಣ್ಣೆ, ಒದ್ದೆ ಸಾಕ್ಸು, ಕರಿದ ತಿಂಡಿ, ಫಿನಾಯಿಲ್, ಎಲ್ಲ ಸೇರಿ ಗಂಟಲಿಗೆ ಇಳಿಯುತ್ತದೆ. ನಾವಿಕರು ಮಲಗುತ್ತಿದ್ದ ಕೋಣೆಯಲ್ಲಿ ಮೇಣದ ಗೊಂಬೆಗಳನ್ನು ಮಲಗಿಸಿದ್ದರು. ಜನ ಹಿಂಡಿ ಹಿಂಡಿ ಒಬ್ಬನ ಮೂಗೇ ಕಿತ್ತುಹೋಗಿತ್ತು. ಇನ್ನೊಬ್ಬನ ತುಟಿಗೆ ಅಗಿದು ಅಂಟಿಸಿದ ಬಬಲ್‌ಗಮ್. ಫಿರಂಗಿಯ ಬಾಯಿಗೆ ಇಣುಕಿದೆ. ಚಿಪ್ಸ್ ಪೊಟ್ಟಣಗಳು, ಯಾರೋ ಉಗಿದದ್ದು, ಮಗುವಿನದೊಂದು ಡೈಪರ್. ಸ್ಪೀಕರಿನಲ್ಲಿ ಬಾಂಬು ಸಿಡಿಯುವ ಸದ್ದು, ಸಾಯುವವರ ಚೀರಾಟ, ಅದು ಮುಗಿಯುತ್ತಲೇ ಜೇನಿನಂಥ ಹೆಣ್ಣುದನಿ: "ನೆನಪಿನ ಕಾಣಿಕೆಗಳಿಗಾಗಿ ಎರಡನೇ ಡೆಕ್ಕಿಗೆ ಬನ್ನಿ." ಅಲ್ಲಿ ಗುಂಡಿನಾಕಾರದ ಬಾಟಲಿಯಲ್ಲಿ ಕೆಂಪು ಜ್ಯೂಸು ಮಾರುತ್ತಿದ್ದರು. ನಾನೂ ಒಂದು ಕುಡಿದೆ. ಅಷ್ಟೆಲ್ಲ ಅಸಹ್ಯಪಟ್ಟುಕೊಂಡವನು ಸ್ಟ್ರಾ ಹಾಕಿ ತಳದವರೆಗೂ ಹೀರಿದೆ.

ಕೊನೆಗೆ ಫಿರಂಗಿ ಕೋಣೆ. ಅಲ್ಲಿ ನೆಲದ ಮೇಲೆ ಕಂದುಗೆಂಪು ಕಲೆ, ಸುತ್ತ ಹಗ್ಗದ ಬೇಲಿ, ಪಕ್ಕದಲ್ಲಿ ಹಿತ್ತಾಳೆ ಫಲಕ: "ಇಲ್ಲಿ ಒಬ್ಬ ನಾವಿಕ ಕೊನೆಯುಸಿರೆಳೆದ. ಈ ರಕ್ತ ಅವನದು." ಹಡಗಿನಲ್ಲಿ ನಿಜವಾದದ್ದು ಇದೊಂದಾದರೂ ಇದೆಯಲ್ಲ ಎಂದು ನನಗೆ ಎದೆ ತುಂಬಿ ಬಂತು. ಜನ ಮುಂದೆ ಹೋದ ಮೇಲೂ ಒಬ್ಬನೇ ನಿಂತೆ. ಸೆಲ್ಯೂಟ್ ಹೊಡೆದೆ. ಕಣ್ಣಲ್ಲಿ ನೀರು.

"ಏನೋ ಗಂಡುಗಲಿ, ಟೀಗೆಲ್ಲ ಅಳ್ತಾರೇನೋ?"

ಹಿಂದೆ ಅತ್ತೆ, ಬಕೆಟ್ಟು ಹಿಡಿದು ನಿಂತಿದ್ದಳು.

"ಟೀನಾ?"

"ಮತ್ತೇನು? ನಿನ್ನೆ ಸೋಮವಾರ, ಹಡಗಿಗೆ ರಜೆ, ನನಗೆ ರಕ್ತದ ಡ್ಯೂಟಿ. ಟೀ ಗಟ್ಟಿಯಾಗಿ ಕಾಸ್ಬೇಕು, ತುಕ್ಕಿನ ಪುಡಿ ಕಲಸ್ಬೇಕು, ಒಂಚೂರು ಗೋಂದು."

ಹೋದ ವರ್ಷ ಯಾರೋ ದೊಡ್ಡವರು ಬರುತ್ತಾರೆಂದು ಈ ನೆಲಕ್ಕೆ ಮಷಿನ್ ಹಾಕಿ ಉಜ್ಜಿಸಿ ಹೊಸ ಬಣ್ಣ ಹೊಡೆಸಿದರಂತೆ. ಉಜ್ಜುವವರಿಗೆ ಹೇಳಬೇಕಾದವರು ಹೇಳಲಿಲ್ಲ, ನಿಜವಾದ ಕಲೆ ಹೊರಟೇಹೋಯಿತು. ಬಂದ ದೊಡ್ಡವರು ಕೇಳಿದ ಮೊದಲ ಮಾತೇ "ರಕ್ತ ಎಲ್ಲಿ?" ಮಾರನೇ ದಿನ ಪಾಲಿಶ್ ಅತ್ತೆಯನ್ನು ಕರೆದು, "ನಿಮ್ಮ ಕೈ ಚೆನ್ನಾಗಿದೆ, ನೀವೇ ಮಾಡಿ" ಎಂದನಂತೆ.

"ವಾರಕ್ಕೊಂದ್ಸಲ ಯಾಕೆ?"

"ಹಗ್ಗದೊಳಗೆ ಕೈ ಹಾಕಿ ಕೆರೀತಾರೆ ಕಣೋ. ಉಗುರಲ್ಲಿ ತಗೊಂಡು ಹೋಗ್ತಾರೆ. ಥೂ! ಆ ಪಾಲಿಶ್ ಬೇರೆ, ಇನ್ನೂ ಕೆಂಪು ಬೇಕು ಅಂತಾನೆ, ಇಲ್ದಿದ್ರೆ ಜನ ನಂಬಲ್ವಂತೆ. ಒಂದ್ಸಲ ಸಕ್ಕರೆ ಹಾಕ್ಸಿದ್ದ, ಹೊಳಪು ಬರ್ಲಿ ಅಂತ. ಇರುವೆ ಮುತ್ತಿದ್ವು. ಜನ ಇರುವೆ ಫೋಟೋನೂ ಹೊಡ್ಕೊಂಡ್ರು."

"ಆಗಲ್ಲ ಅನ್ಬೇಕಿತ್ತು ಅತ್ತೆ."

"ಅಂತೀನಿ. ಮೊಣಕಾಲು ನಿಮ್ಮಪ್ಪ ಮಾಡಿಸ್ತಾನಾ?"

ನಮ್ಮಪ್ಪ ಅವಳ ಸ್ವಂತ ಅಣ್ಣ. ಅವನ ಕೈ ಎಷ್ಟು ಬಿಗಿ ಎಂದು ಇಬ್ಬರಿಗೂ ಗೊತ್ತಿತ್ತು. ಹೊಟ್ಟೆಯೊಳಗಿನ ಕೆಂಪು ಜ್ಯೂಸು ಮೇಲೆ ಬರಲು ದಾರಿ ಹುಡುಕುತ್ತಿತ್ತು.

ಅಷ್ಟರಲ್ಲಿ ಪಾಲಿಶ್ ಬಂದ, ಜೊತೆಗೊಬ್ಬ ಫೋಟೋದವ, ಇಬ್ಬರ ನಡುವೆ ಇಸ್ತ್ರಿ ಮಾಡಿದ ಹಳೇ ಕೋಟಿನ ಒಬ್ಬ ಮುದುಕ. "ಇವರು ಆ ನಾವಿಕರ ಸ್ವಂತ ತಮ್ಮ" ಎಂದು ಪಾಲಿಶ್ ಫೋಟೋದವನಿಗೆ ಹೇಳಿದ. ಹೇಳುವಾಗ ಕ್ಯಾಮೆರಾ ಕಡೆಗೇ ತಿರುಗಿದ್ದ.

ಮುದುಕ ಯಾರನ್ನೂ ನೋಡಲಿಲ್ಲ. ಕಲೆಯ ಮುಂದೆ ಕಷ್ಟಪಟ್ಟು ಮಂಡಿಯೂರಿ ಕೂತ. ಕೋಟಿನ ಜೇಬಿನಿಂದ ಸಣ್ಣದೊಂದು ತಗಡಿನ ಡಬ್ಬಿ ತೆಗೆದ.

"ಅಣ್ಣನ ಮೈ ಮನೆಗೆ ಬರ್ಲೇ ಇಲ್ಲ. ಸಮುದ್ರಕ್ಕೆ ಹಾಕಿದ್ರಂತೆ. ಅಮ್ಮ ಸಾಯೋವರೆಗೂ ಬಾಗಿಲು ನೋಡ್ತಾನೇ ಇದ್ಲು. ಇದ್ರಲ್ಲಿ ಒಂಚೂರು ಕೆರೆದು ಕೊಡಿ ಸ್ವಾಮಿ. ಅಮ್ಮನ ಸಮಾಧಿ ಪಕ್ಕ ಹೂಳ್ತೀನಿ."

"ಅಯ್ಯೋ, ಖಂಡಿತ! ಅದು ನಿಮ್ಮ ಹಕ್ಕು" ಎಂದ ಪಾಲಿಶ್. ಜೇಬಿನಿಂದ ಪುಟ್ಟ ಚಾಕು ತೆಗೆದು ಅತ್ತೆಯ ಕೈಗಿಟ್ಟ. "ನೀವೇ ಕೆರೆದು ಕೊಡಿ. ಫೋಟೋ ಚೆನ್ನಾಗಿ ಬರತ್ತೆ. ನಮ್ಮ ಹಳೇ ಸಿಬ್ಬಂದಿ ಸರ್ ಇವರು. ಕಾಯಂ ಆರ್ಡರ್ ನನ್ನ ಮೇಜಿನ ಮೇಲೇ ಇದೆ, ಸಂಜೆ ಸೈನ್ ಹಾಕೋದಷ್ಟೇ."

ಮುದುಕ ಡಬ್ಬಿಯ ಮುಚ್ಚಳ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಳಗೆ ಬಿಳಿ ಬಟ್ಟೆ ಹಾಸಿದ್ದ, ಒಗೆದು ಮಡಿಸಿದ್ದು. ಅತ್ತೆ ಅದನ್ನೇ ನೋಡುತ್ತಿದ್ದಳು. ನಾನು ಅವನ ಬೆನ್ನ ಹಿಂದೆ ನಿಂತು ಅವಳಿಗೆ ಕಣ್ಣು ಮಿಟುಕಿಸಿದೆ, ತುಟಿಯ ಮೇಲೆ ಬೆರಳಿಟ್ಟೆ. ಕೆರೆದು ಕೊಡು, ಮುಗಿಸು. ಒಂದು ಗಳಿಗೆಯ ಹಿಂದೆ ವಾಂತಿ ಬರುತ್ತಿದ್ದ ಮಹಾಶಯ ನಾನೇ. ನನ್ನ ಹೇಸಿಗೆ ಅಷ್ಟು ಬೇಗ ಆರಿಹೋಗಿತ್ತು. ಪಾಲಿಶ್‌ನ ಪಕ್ಕದಲ್ಲೇ ನಾನೂ ಅವನಂತೆಯೇ ಹಲ್ಲು ಕಿರಿಯುತ್ತ ನಿಂತಿದ್ದೆ.

ಅತ್ತೆ ನರಳುತ್ತ ಮಂಡಿಯೂರಿದಳು. ಚಾಕು ನೆಲಕ್ಕೆ ತಾಗಿಸಿದಳು. ಫೋಟೋದವ ಒಂದು ಕ್ಲಿಕ್ ಹೊಡೆದ. ಅವಳ ಕೈ ಮುಂದೆ ಸರಿಯಲಿಲ್ಲ.

ಮುದುಕನಿಗೆ ಏನನ್ನಿಸಿತೋ, ಡಬ್ಬಿಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡ. "ತಾಯಿ, ದಿನಾ ಈ ನೆಲ ಒರೆಸೋರು ನೀವು. ತಪ್ಪು ತಿಳ್ಕೋಬೇಡಿ, ಒಂದು ಮಾತು ಕೇಳ್ತೀನಿ. ಇದು ನಮ್ಮಣ್ಣಂದೇ ತಾನೆ?"

"ಹೇಳಿ ಅಮ್ಮ, ಹೇಳಿ" ಎಂದು ಪಾಲಿಶ್ ನಕ್ಕ.

ಅತ್ತೆ ಚಾಕು ಮಡಿಸಿ ಪಾಲಿಶ್‌ನ ಮಿಂಚುವ ಬೂಟಿನ ಪಕ್ಕ ಇಟ್ಟಳು.

"ಅಲ್ಲಣ್ಣ. ಇದು ನಾನು ಕಾಸಿದ ಟೀ. ನಿಮ್ಮಣ್ಣನ್ನ ಹೋದ ವರ್ಷ ಮಷಿನ್ ಹಾಕಿ ಉಜ್ಜಿಸಿಬಿಟ್ರು. ಆ ಪುಡಿ ಗುಡಿಸಿ ಕಸಕ್ಕೆ ಹಾಕಿದೋಳು ನಾನೇ."