ನೀ ಓಡಸು, ನಾ ಹಾರಸ್ತೀನಿ

ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಗೆಳೆಯ ಬೆಂಗಳೂರಿನವನು. ಯಾರಾದರೂ ಹಳೆಯದೊಂದನ್ನು ಹೊಗಳಿದರೆ ಸಾಕು, ಚಹಾದ ಲೋಟ ಕೆಳಗಿಟ್ಟು ತೀರ್ಪು ಕೊಡುವುದು ಅವನ ಚಟ. ನಾನು ಚಿಕ್ಕಂದಿನಲ್ಲಿ ಆಡಿದ ಟೀವಿ ಆಟದ ಬಗ್ಗೆ ಮಾತು ಬಂದಾಗಲೂ ಲೋಟ ಕೆಳಗಿಳಿಯಿತು.

"ಮಗಾ, ಅದೆಲ್ಲ ಬರೀ ನಾಸ್ಟಾಲ್ಜಿಯಾ ಕಣೋ. ಚಿಕ್ಕೋನಿದ್ದಾಗ ಆಡಿದ್ದೆ, ಅದಕ್ಕೇ ಚೆನ್ನಾಗಿತ್ತು ಅನ್ಸುತ್ತೆ. ಇವತ್ತು ಫಸ್ಟ್ ಟೈಮ್ ಆಡೋರಿಗೆ ಕೊಡು, ಹತ್ತು ನಿಮಿಷಕ್ಕೆ ಎದ್ದು ಹೋಗ್ತಾರೆ."

ನಾನು ತಕ್ಷಣ ಲೋಟ ಕೆಳಗಿಟ್ಟು, ಅವನ ಹಾಗೆಯೇ ಹುಬ್ಬು ಮೇಲೇರಿಸಿ, ಅದೇ ತೀರ್ಪನ್ನು ಅದೇ ದನಿಯಲ್ಲಿ ಓದಿದೆ. ಎಲ್ಲರೂ ನಕ್ಕರು, ಅವನೂ ನಕ್ಕ. ನನಗೆ ಬರುವ ವಿದ್ಯೆ ಇದೊಂದೇ. ಪುಣೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯ ಸೆಕ್ರೆಟರಿ, ಬಸ್ಸಿನ ಕಂಡಕ್ಟರ್, ಮ್ಯಾನೇಜರ್ ಫೋನ್ ಮಾಡಿದಾಗ ನನ್ನದೇ ಗಂಟಲಿನಿಂದ ಹೊರಡುವ ಕುರಿಮರಿ, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಆದರೆ ನಗಿಸಿದ್ದು ಉತ್ತರವಲ್ಲ. ಉತ್ತರ ಬಂದದ್ದು ಅವ್ವನಿಂದ.

ಆಟದಲ್ಲಿ ಕತೆಯೇನೂ ಇಲ್ಲ. ಹಳದಿ ಅಂಗಿಯ ಒಬ್ಬ ಪುಟ್ಟ ಮನುಷ್ಯ ಎಡದಿಂದ ಬಲಕ್ಕೆ ಓಡುತ್ತಾನೆ. ದಾರಿಯಲ್ಲಿ ಹೊಂಡ, ಗೋಡೆ, ನೀರಿನ ಮೇಲೆ ತೇಲುವ ಹಲಗೆ, ಅಡ್ಡಡ್ಡ ನಡೆಯುವ ಏಡಿ. ಹಾರಬೇಕು. ರಿಮೋಟಿನ ಎಡಗಡೆ ಓಡಿಸುವ ಗುಂಡಿ, ಬಲಗಡೆ ಹಾರಿಸುವ ಗುಂಡಿ. ನಾನು ಶಾಲೆ ಬಿಟ್ಟು ಬಂದು ಅದರ ಮುಂದೆ ಕೂತರೆ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು: "ಆ ಕುಳ್ಳ ಎಲ್ಲಿಗೆ ಹೊಂಟಾನ ಅಷ್ಟು ಅವಸರಲೇ? ಹಂಗ ಬರೂಮುಂದ ಗಿರಣಿಯಿಂದ ಹಿಟ್ಟು ತರ್ಲಿಕ್ಕೆ ಹೇಳು!" ಅವಳು ಆಗ ಒಂದು ದಿನವೂ ರಿಮೋಟ್ ಮುಟ್ಟಿದವಳಲ್ಲ. ಆ ಆಟದ ಬಗ್ಗೆ ಅವಳಿಗಿದ್ದ ಹಳೆಯ ನೆನಪೆಂದರೆ ಸಿಟ್ಟು ಮಾತ್ರ.

ಹೋದ ವರ್ಷ ಒಂದು ಬೆಳಿಗ್ಗೆ ಅವ್ವ ಬಚ್ಚಲುಮನೆಯಲ್ಲಿ ಬಿದ್ದಳು. ಲಕ್ವಾ ಹೊಡೆದಿತ್ತು. ಎಡಗಾಲು, ಎಡಗೈ, ತುಟಿಯ ಎಡ ತುದಿ ಸೋತವು. ಆಸ್ಪತ್ರೆಯಿಂದ ಬಂದ ಮೇಲೆ ಕಾಲು ನಿಧಾನವಾಗಿ ಮಾತು ಕೇಳತೊಡಗಿತು. ಕೈ ಕೇಳಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಮನೆಯಲ್ಲಿ ನಾವಿಬ್ಬರೇ. ನಾನು ಮನೆಯಿಂದಲೇ ಕೆಲಸ ಮಾಡತೊಡಗಿದೆ. ರೊಟ್ಟಿ ಹೊರಗಿನಿಂದ ಬರತೊಡಗಿತು.

ರೊಟ್ಟಿ ಬಡಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಬಡಿಯುವುದು ಬಲಗೈ, ಅಂಚು ಹಿಡಿದು ತಿರುಗಿಸುವುದು ಎಡಗೈ. ಎಡಗೈ ನಿಂತರೆ ರೊಟ್ಟಿ ಒಂದೇ ಕಡೆ ತೆಳ್ಳಗಾಗಿ ಹರಿದುಹೋಗುತ್ತದೆ. ಧಾರವಾಡದ ಕಡೆಯಿಂದ ಪುಣೆಗೆ ಬಂದಾಗಿನಿಂದ ಅವ್ವ ಅದುವರೆಗೆ ಒಂದು ದಿನವೂ ಕೊಂಡ ರೊಟ್ಟಿ ತಿಂದವಳಲ್ಲ. "ಮಂದೀ ಕೈ ರೊಟ್ಟಿ ತಿಂದು ಸಾಯೂದಿಲ್ಲ ನಾ," ಎಂದಳು. ಅವಳಿಗೆ ಬೇಕಾದದ್ದು ಅಷ್ಟೇ. ಒಂದು ರೊಟ್ಟಿ ತಿರುಗಿಸುವಷ್ಟು ಎಡಗೈ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಜಿಯೋಥೆರಪಿ ಮ್ಯಾಡಮ್ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಹಿಚುಕಬೇಕು, ಬಿಡಬೇಕು. "ಕಾಕೂ, ಅಜೂನ್ ಏಕ್ದಾ," ಚಿಕ್ಕಮ್ಮಾ, ಇನ್ನೊಮ್ಮೆ, ಇನ್ನೊಮ್ಮೆ ಎಂದು ಅವರು ಮರಾಠಿಯಲ್ಲಿ ರಾಗ ಎಳೆಯುತ್ತಿದ್ದರು. ಅವರ ಮುಂದೆ ಅವ್ವ ಬಂಗಾರದಂಥ ಕಾಕೂ. ಅವರು ಮೆಟ್ಟಿಲಿಳಿದರೋ ಇಲ್ಲವೋ ಚೆಂಡು ಸೋಫಾದ ಕೆಳಗೆ.

"ಇದನ್ನ ಹಿಚಕಿದ್ರ ಏನ್ ಬರ್ತದ? ಲಿಂಬಿಹಣ್ಣರ ಕೊಡ್ರಿ, ಪಾನಕಾ ಆಗ್ತದ."

ನಾನು ಮ್ಯಾಡಮ್ಮಿನ ದನಿ ಮಾಡಿ ಚೆಂಡನ್ನು ಮರಳಿ ಕೈಗಿಟ್ಟರೆ ನಗುತ್ತಿದ್ದಳು, ಹಿಚುಕುತ್ತಿರಲಿಲ್ಲ. ಹಾಗೆಂದೇ ಒಂದು ಸಂಜೆ, ಹಳೆಯ ಆಟಗಳನ್ನು ತುಂಬಿಕೊಂಡು ಬರುವ ಸಣ್ಣ ಡಬ್ಬಿಯೊಂದನ್ನು ಟೀವಿಗೆ ಸಿಕ್ಕಿಸಿ, ಅವಳ ಎಡ ಹೆಬ್ಬೆರಳನ್ನು ರಿಮೋಟಿನ ಮೇಲಿಟ್ಟೆ. ಹೆಬ್ಬೆರಳು ಮಲಗಿಯೇ ಇತ್ತು. ಪರದೆಯ ಮೇಲೆ ಕುಳ್ಳ ನಿಂತೇ ಇದ್ದ. ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿ ಅವ್ವ ತಾನೇ ದಾರಿ ಹುಡುಕಿದಳು.

"ನೀ ಓಡಸು. ನಾ ಹಾರಸ್ತೀನಿ."

ಹೀಗೆ ನಮ್ಮ ಪದ್ಧತಿ ಶುರುವಾಯಿತು. ಸೋಫಾದ ಮೇಲೆ ಒತ್ತಿ ಕೂತ ಇಬ್ಬರು, ನಡುವೆ ಒಂದೇ ರಿಮೋಟು. ಎಡ ತುದಿ ನನ್ನ ಕೈಯಲ್ಲಿ, ಬಲ ತುದಿ ಅವಳ ಕೈಯಲ್ಲಿ. ಮ್ಯಾಡಮ್ ಇದನ್ನು ನೋಡಿ, ಇದರಿಂದ ಎಡಗೈಗೆ ಏನು ಉಪಯೋಗ ಎಂದು ಕೇಳಿದರು. ಏನೂ ಇರಲಿಲ್ಲ. ಆದರೆ ಚೆಂಡು ಹಿಡಿಯಲೊಲ್ಲದವಳು ಸಂಜೆಯಾದರೆ "ಏ, ಕುಳ್ಳನ್ನ ಕರಿ" ಎನ್ನುತ್ತಿದ್ದಳು. ಕುಳ್ಳನ ಮುಖ ನೋಡಬೇಕಾದರೆ ಮೊದಲು ಚೆಂಡು ಹಿಚುಕಬೇಕೆಂದು ನಾನು ಕರಾರು ಹಾಕಿದೆ. "ಲಂಚಕೋರ," ಎಂದು ಬೈದು ಹಿಚುಕಿದಳು.

ಅವಳ ಪಕ್ಕ ಕೂತ ಮೇಲೆಯೇ ನಾನು ಆ ಆಟವನ್ನು ಮೊದಲ ಸಲ ನೋಡಿದ್ದು. ಚಿಕ್ಕವನಿದ್ದಾಗ ಆಡಿದ್ದೆ, ನೋಡಿರಲಿಲ್ಲ. ಮೊದಲ ಪರದೆಯಲ್ಲಿ ಹೆದರುವಂಥದ್ದೇನೂ ಇಲ್ಲ. ಸ್ವಲ್ಪ ಮುಂದೆ ಒಂದು ಹೊಂಡ, ಅದಕ್ಕೆ ತಳವಿದೆ. ಅವ್ವ ಅದರಲ್ಲಿ ಬಿದ್ದಳು, ಎದ್ದಳು, ಮತ್ತೆ ಹಾರಿದಳು. ಅದರಾಚೆ ಅಷ್ಟೇ ಅಗಲದ ಇನ್ನೊಂದು ಹೊಂಡ, ಅದಕ್ಕೆ ತಳವಿಲ್ಲ. ಅಷ್ಟು ಹೊತ್ತಿಗೆ ಅವಳ ಬೆರಳಿಗೆ ಅಗಲ ಗೊತ್ತಾಗಿತ್ತು. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ಪರದೆಯ ಮೇಲೆ ಒಂದಕ್ಷರವೂ ಬಂದಿರಲಿಲ್ಲ. ನಮ್ಮ ಕಂಪನಿಯಲ್ಲಾದರೆ ಇಷ್ಟಕ್ಕೆ ದಿನವಿಡೀ ಟ್ರೇನಿಂಗು, ಮಧ್ಯಾಹ್ನ ಪನೀರಿನ ಊಟ, ಕೊನೆಗೆ ಎಲ್ಲರೂ ಹೊಂಡದಲ್ಲಿ.

ಆಮೇಲೆ ಆ ಜಿಗಿತ. ಗುಂಡಿಯನ್ನು ಮುಟ್ಟಿ ಬಿಟ್ಟರೆ ಸಣ್ಣದು, ಒತ್ತಿ ಹಿಡಿದರೆ ಎತ್ತರದ್ದು, ಮೇಲೆ ಹೋದವನು ಇಳಿಯುವಾಗ ಸ್ವಲ್ಪ ಬಿರುಸು. ಎರಡನೆಯ ಸಂಜೆಯೇ ಅವ್ವ ಕಣ್ಣರಳಿಸಿ, "ಏ, ಇಂವಗ ತೂಕ ಅದ!" ಎಂದಳು. "ಹಿಟ್ಟಿನ ಉಂಡಿ ಕೈಯಾಗ ಹಿಡದ್ರ ತಿಳೀತದಲ್ಲ, ಹಂಗ ತಿಳೀತದ ನೋಡು." ಟೀವಿಯೊಳಗಿನ ನಾಲ್ಕು ಬಣ್ಣದ ಚುಕ್ಕೆಗಳ ತೂಕ ಅವಳ ಬೆರಳಿಗೆ ತಾಗಿತ್ತು.

ಆಟಕ್ಕೆ ಮಾತಿಲ್ಲದ್ದರಿಂದ ಮಾತಿನ ಗುತ್ತಿಗೆ ನನ್ನದು. ಅಡ್ಡಡ್ಡ ಬರುವ ಏಡಿಗೆ ಸೊಸೈಟಿ ಸೆಕ್ರೆಟರಿಯ ದನಿ ಕೊಟ್ಟೆ: "ಗಾಡಿ ಕೋಣಾಚೀ? ಇಥೂನ್ ಕಾಢಾ!" ಗಾಡಿ ಯಾರದು, ತೆಗೀರಿ ಇಲ್ಲಿಂದ ಎನ್ನುತ್ತ ಏಡಿ ಬರುತ್ತಿದ್ದರೆ ಅವ್ವನ ನಗು ತುಟಿಯ ಬಲಗಡೆಯಿಂದ ಮಾತ್ರ ಹೊರಬೀಳುತ್ತಿತ್ತು. "ನಗಸಬ್ಯಾಡೋ ಮಂಗ್ಯಾ, ಬೀಳ್ತಾನ ಅಂವ!" ಬೀಳುತ್ತಿದ್ದ. ಬಿದ್ದ ಪ್ರತಿ ಸಲವೂ ಅವಳದು ಒಂದೇ ಮಾತು: "ನಂದ ತಪ್ಪು."

ಒಂದು ಸಂಜೆ ಕುಳ್ಳನನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಊರ ಮಂದೀನೆಲ್ಲಾ ಮಾಡ್ತಿ. ನನ್ನ ಮಾಡಿ ತೋರಸು."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದಂತೆ ನಟಿಸಿ, ಅಡುಗೆಮನೆಯಿಂದ ಕೂಗುವ ಅವ್ವನನ್ನು ಮಾಡಿದೆ. ಗಿರಣಿ, ಹಿಟ್ಟು, ಕುಳ್ಳ, ಎಲ್ಲ ಬಂತು. ಅವಳು ನಗಲಿಲ್ಲ.

"ಅದು ಹಳೇದು. ಈಗಿನಾಕಿನ್ನ ಮಾಡು."

ಈಗಿನ ದನಿ ನನ್ನ ಕಿವಿಯಲ್ಲಿ ಸ್ಪಷ್ಟವಾಗಿತ್ತು. ತುಟಿ ಕೂಡಿಸಬೇಕಾದ ಅಕ್ಷರ ಬಂದಾಗ ಅರ್ಧ ಗಾಳಿ, ಅರ್ಧ ಮಾತು. ನನ್ನ ನಾಲಗೆಗೆ ಅದೇನೂ ಕಷ್ಟವಲ್ಲ. ಆದರೂ ಮಾಡಲಾಗಲಿಲ್ಲ; ರಿಮೋಟಿನ ನನ್ನ ತುದಿಯನ್ನು ಮತ್ತೆ ಎತ್ತಿಕೊಂಡೆ.

"ಅಂಜತೀಯೇನ?" ಎಂದು ನನ್ನ ಮುಖ ನೋಡಿ, ಆಮೇಲೆ ಟೀವಿಯ ಕಡೆ ತಿರುಗಿದಳು. "ಇರ್ಲಿ ಬಿಡು. ಓಡಸು."

ಬೆಂಗಳೂರಿನ ಗೆಳೆಯ ಅವಳನ್ನು ನೋಡಲು ಬಂದದ್ದು ಅದೇ ದಿನಗಳಲ್ಲಿ, ಕೈಯಲ್ಲಿ ಪುಣೆಯ ಕುರುಕಲು ತಿಂಡಿ ಬಾಕರವಡಿಯ ಪೊಟ್ಟಣ ಹಿಡಿದುಕೊಂಡು. ಹತ್ತು ನಿಮಿಷಕ್ಕೆ ಎದ್ದುಹೋಗಬೇಕಾದವರು ತಿಂಗಳುಗಳಿಂದ ಕೂತಿದ್ದಾರೆ ನೋಡು ಎಂದು ನಾನು ಅವ್ವನನ್ನು ತೋರಿಸಿದೆ. ಅವಳು ಅವನನ್ನು ನನ್ನ ಜಾಗದಲ್ಲಿ ಕೂರಿಸಿ ಓಡಿಸಲು ಹೇಳಿದಳು. ಅವನು ನೋಡದೇ ಓಡಿಸಿದ. ಕುಳ್ಳ ಏಡಿಗೆ ಡಿಕ್ಕಿ.

"ಏನ್ರೀ, ಹಿಂದ ಪೊಲೀಸ್ರು ಬೆನ್ ಹತ್ತ್ಯಾರೇನ್ರಿ?"

ಅವನು ನಕ್ಕು ಕೇಳಿದ. "ಆಂಟಿ, ನಿಜ ಹೇಳಿ. ಇದ್ರಲ್ಲಿ ನಿಮಗೆ ಅಂಥದ್ದೇನು ಇಷ್ಟ ಆಯ್ತು?"

ಅವ್ವ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು.

"ಇಲ್ಲಿ ಬಿದ್ರ ಯಾಕ ಬಿದ್ದೆ ಅಂತ ತಿಳೀತದ್ರಿ. ತಡಾ ಹಾರಿದೆ, ಇಲ್ಲಾ ಲಗೂ ಹಾರಿದೆ. ಕುಳ್ಳಂದು ಏನೂ ಮೋಸಿಲ್ಲ. ಬಚ್ಚಲದಾಗ ಬಿದ್ದೆನಲ್ಲ, ಅದು ಯಾಕಂತ ಯಾರೂ ಹೇಳಲಿಲ್ಲ. ಡಾಕ್ಟರ್ ಬಿ.ಪಿ. ಅಂದ್ರು. ಗುಳಿಗಿ ಬಿಟ್ಟಿದ್ದೆನೇನ್ರಿ ನಾ? ಒಂದು ದಿನಾ ಬಿಟ್ಟಾಕಿ ಅಲ್ಲ. ಏನ್ ತಪ್ಪು ಮಾಡಿದ್ದೆ ಹೇಳ್ರಿ."

ಗೆಳೆಯ ಬಾಕರವಡಿಯ ಪೊಟ್ಟಣ ಬಿಚ್ಚಿ ಅವಳ ಬಲಗೈಗೆ ಒಂದು ಕೊಟ್ಟ. ಆದರೆ ಸೋಲುವವನಲ್ಲ. ಕೆಳಗೆ ಗಾಡಿ ಚಾಲೂ ಮಾಡುವ ಮೊದಲು ಹೇಳಿದ: "ಆದ್ರೂ ಮಗಾ, ನೀನು ಪಕ್ಕದಲ್ಲಿ ಕೂತಿರ್ತೀಯಲ್ಲ. ಅದಕ್ಕೂ ಇರಬಹುದು." ಆಗಲೂ ನಾನು ಅವನ ದನಿ ಮಾಡಿ ಕಳಿಸಿಬಿಟ್ಟೆ. ಮೆಟ್ಟಿಲು ಹತ್ತುವಾಗ ಮಾತ್ರ ಆ ಮಾತು ನನ್ನ ಜೊತೆಗೇ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಎಡ ಹೆಬ್ಬೆರಳು ಎದ್ದಿತು. ಗುಂಡಿ ಒತ್ತಿತು! ಅವ್ವ ನನ್ನ ಕೈ ಸರಿಸಿ, "ಈಗ ನೀ ಸುಮ್ಮ ಕೂಡು" ಎಂದಳು. ತೇಲುವ ಹಲಗೆಗಳ ಜಾಗವನ್ನು ತಾನೊಬ್ಬಳೇ ದಾಟಬೇಕು ಅವಳಿಗೆ. ಅದನ್ನು ದಾಟಿದರೆ ರೊಟ್ಟಿಯೂ ಆಗುತ್ತದೆ ಎಂದು ತಾನೇ ಲೆಕ್ಕ ಹಾಕಿಕೊಂಡಿದ್ದಳು. ಕುಳ್ಳ ಓಡಿದ, ಸರಿಯಾದ ಅಂಚಿನಲ್ಲಿ ಹಾರಿದ, ಹಲಗೆಯ ಮೇಲೆ ಇಳಿದ. ಅಲ್ಲಿ ನಿಲ್ಲಬೇಕು. ನಿಲ್ಲಬೇಕಾದರೆ ಹೆಬ್ಬೆರಳು ಗುಂಡಿಯನ್ನು ಬಿಡಬೇಕು. ಅದು ಬಿಡಲಿಲ್ಲ. ಕುಳ್ಳ ಹಲಗೆಯ ಆಚೆ ತುದಿಯಿಂದ ಓಡುತ್ತಲೇ ನೀರಿಗೆ ಬಿದ್ದ. ಮತ್ತೆ ಓಡಿದ, ಮತ್ತೆ ಇಳಿದ, ಮತ್ತೆ ಬಿದ್ದ. ನಾನು ಏಡಿಯ ದನಿ ಮಾಡಲಿಲ್ಲ.

ಹಿಡಿಯುವುದು ಮೊದಲು ಬರುತ್ತದೆ, ಬಿಡುವುದು ಆಮೇಲೆ, ಕೆಲವರಿಗೆ ಬರುವುದೇ ಇಲ್ಲ ಎಂದು ಮ್ಯಾಡಮ್ ನನ್ನನ್ನು ಬಾಗಿಲ ಹೊರಗೆ ಕರೆದು ಮೆತ್ತಗೆ ಹೇಳಿದರು. ಒಳಗೆ ಬಂದರೆ ಅವ್ವ ಬಲಗೈಯಿಂದ ಎಡ ಹೆಬ್ಬೆರಳನ್ನು ಗುಂಡಿಯಿಂದ ಕಿತ್ತು ತೆಗೆಯುತ್ತಿದ್ದಳು.

"ಏನಂದ್ರು ಅವರು?"

"ಅಜೂನ್ ಏಕ್ದಾ ಅಂದ್ರು."

"ಸುಳ್ಳು ಹೇಳೂಮುಂದರ ನಿನ್ನ ದನ್ಯಾಗ ಹೇಳೋ," ಎಂದಳು.

ಮರುದಿನ ಅವಳೇ ನನ್ನನ್ನು ಅಡುಗೆಮನೆಗೆ ಕರೆದಳು. ಕುರ್ಚಿ ಹಾಕಿಸಿಕೊಂಡು ಕೂತಳು. ಹಿಟ್ಟು ನಾದಿದ್ದು ನಾನು, ಬೈದದ್ದು ಅವಳು. ಆಮೇಲೆ ಕಟ್ಟೆಯ ಮೇಲೆ ಒಣಹಿಟ್ಟು ಉದುರಿಸಿ ಉಂಡೆ ಇಟ್ಟು ಹೇಳಿದಳು: "ನೀ ತಿರುಗಸು. ನಾ ಬಡೀತೀನಿ." ನನ್ನ ಎಡಗೈ, ಅವಳ ಬಲಗೈ. ಮೊದಲನೆಯದು ಹರಿಯಿತು. ಎರಡನೆಯದರ ನಡುವೆ ಹೊಂಡ ಬಿತ್ತು, ಅದಕ್ಕೆ ತಳವಿರಲಿಲ್ಲ. ಮೂರನೆಯದು ಹಂಚಿನ ಮೇಲೆ ಹೇಗೋ ಉಬ್ಬಿತು. ಅದನ್ನು ಅವಳು ತಿಂದಳು, ಖಾರದ ಚಟ್ನಿ ಹಚ್ಚಿಕೊಂಡು, ಒಂದು ಚೂರೂ ಬಿಡದೆ. "ಯಾರ ಕೈ ರೊಟ್ಟಿ ಇದು?" ಎಂದು ಕೇಳಿದೆ. "ಅರ್ಧಾ ಮಂದೀದು," ಎಂದಳು.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಎರಡನೆಯ ಸಲ ಹೊಡೆಯಿತು. ಈ ಸಲ ಬೀಳಲಿಲ್ಲ, ಮಲಗಿಯೇ ಇದ್ದಳು. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ರಿಮೋಟು ಟೀವಿಯ ಕೆಳಗೆ ಹಾಗೇ ಬಿದ್ದಿತ್ತು. ನಾನು ಮುಟ್ಟಲಿಲ್ಲ. ಗೆಳೆಯನ ಜೊತೆಗಿನ ವಾದದಲ್ಲಿ ನನ್ನ ಕಡೆಗಿದ್ದ ಸಾಕ್ಷಿ ಅವಳೊಬ್ಬಳೇ: ಹಳೆಯ ಪ್ರೀತಿಯಿಲ್ಲದೆ ಆ ಆಟಕ್ಕೆ ಬಂದವಳು, ಅದರ ಮುಂದೆ ಕೂತವಳು. ಈಗ ಸಾಕ್ಷಿ ಇಲ್ಲ, ಇರುವುದು ನಾನೊಬ್ಬ. ಕುಳ್ಳನ ಸಂಗೀತದ ಮೊದಲ ನಾಲ್ಕು ಸ್ವರ ಕೇಳಿದರೆ ಕಣ್ಣು ತುಂಬಿಕೊಳ್ಳುವ ನನ್ನ ಮಾತನ್ನು ಯಾವ ನ್ಯಾಯಾಧೀಶ ನಂಬುತ್ತಾನೆ? ನನಗೇ ನಂಬಿಕೆಯಿಲ್ಲ. ಆ ಜಿಗಿತಕ್ಕೆ ತೂಕವಿದೆಯೋ, ಅಥವಾ ಅದು ಅವ್ವನ ತೂಕವೋ, ಬಿಡಿಸಿ ಹೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ತೂಕವಿದೆ ಎಂದು ಅವಳು ಹೇಳಿದ್ದಳು, ಅಷ್ಟು ಬಲ್ಲೆ.

ಕೆಲವು ವಾರಗಳ ಮೇಲೆ ಒಂದು ಭಾನುವಾರ ಗೆಳೆಯ ಬಂದ. ಚಹಾ ಮಾಡಿದ, ಲೋಟ ಕೆಳಗಿಟ್ಟ. ನಾನು ತೀರ್ಪಿಗೆ ಕಾದೆ. ಅವನು ಎದ್ದು ಹೋಗಿ ರಿಮೋಟಿನ ಧೂಳು ಒರೆಸಿ, ಸೋಫಾದ ಬಲಗಡೆ, ಅವ್ವ ಕೂಡುತ್ತಿದ್ದ ಕಡೆ ಕೂತ. "ನೀನು ಓಡ್ಸು," ಎಂದ.

ಓಡಿಸಿದೆ. ತಳವಿರುವ ಹೊಂಡ, ತಳವಿಲ್ಲದ ಹೊಂಡ, ಏಡಿ. ಈ ಸಲ ಅವನು ನೋಡಿ ನೋಡಿ ಹಾರಿಸುತ್ತಿದ್ದ. ತೇಲುವ ಹಲಗೆ ಬಂತು. ಕುಳ್ಳ ಅದರ ನಟ್ಟನಡುವೆ ಇಳಿದ. ಅಲ್ಲಿ ನಾನು ಬಿಡಬೇಕಿತ್ತು. ನನ್ನ ಹೆಬ್ಬೆರಳಿಗೆ ಯಾವ ರೋಗವೂ ಇಲ್ಲ. ಅದು ಗುಂಡಿಯ ಮೇಲೆ ಒತ್ತಿಕೊಂಡೇ ಇತ್ತು. ಕುಳ್ಳ ಓಡುತ್ತಲೇ ನೀರಿಗೆ ಬಿದ್ದ.

"ಸಾರಿ ಮಗಾ, ನಾನೇ ಲೇಟ್ ಮಾಡ್ದೆ," ಎಂದ ಗೆಳೆಯ.

"ನಂದ ತಪ್ಪು," ಎಂದೆ.

ಆ ದನಿ ನನ್ನದಾಗಿರಲಿಲ್ಲ. ಅಡುಗೆಮನೆಯಿಂದ ಕೂಗುವ ಅವ್ವನದೂ ಆಗಿರಲಿಲ್ಲ. ಕೊನೆಯ ಅಕ್ಷರ ತುಟಿಯ ಬಲಗಡೆಯಿಂದ, ಅರ್ಧ ಗಾಳಿಯಾಗಿ ಹೊರಬಿದ್ದಿತ್ತು. ಅವಳು ಕೇಳಿದಾಗ ಬಾರದ್ದು ಈಗ ತಾನೇ ಬಂದಿತ್ತು.

ಗೆಳೆಯ ನಗಲಿಲ್ಲ. ಪರದೆಯ ಎಡ ಅಂಚಿನಲ್ಲಿ ಕುಳ್ಳ ಮತ್ತೆ ಬಂದು ನಿಂತಿದ್ದ.