ಬನಿಯನ್ನಿನಲ್ಲಿ ಬಡಿಸಿದ ಸಿಪಾಯಿ

ಪುಣೆಯ ಬಿಬವೇವಾಡಿಯ ಒಂದು ವಸತಿ ಕಟ್ಟಡದಲ್ಲಿ ಪ್ರತಿವರ್ಷ ಕಾರ್ಗಿಲ್ ವಿಜಯ ದಿವಸದಂದು ಲೀಲಾಕ್ಷಿಯಕ್ಕನಿಗೆ ಒಂದು ಶಾಲು, ಒಂದು ತೆಂಗಿನಕಾಯಿ ಸಿಗುತ್ತಿತ್ತು. ಆ ಯುದ್ಧದಲ್ಲಿ ಮಡಿದ ಲೋಕನಾಥನ ಅಕ್ಕ ಅವರು. ಮುಂದಿನ ಸಾಲಿನಲ್ಲಿ ಕೂತು, ಹಾರ ಹಾಕಿದ ತಮ್ಮನ ಫೋಟೊ ನೋಡಿ, ಎರಡು ನಿಮಿಷದ ಮೌನಕ್ಕೆ ಎದ್ದು ನಿಂತು, ಮನೆಗೆ ಬರುತ್ತಿದ್ದರು. ಫೋಟೊದಲ್ಲಿ ಲೋಕನಾಥ ತುಟಿ ಬಿಗಿದು ನೆಟ್ಟಗೆ ನೋಡುತ್ತಿದ್ದ. ಕಟ್ಟಡದ ಮಕ್ಕಳಿಗೆ ಗೊತ್ತಿದ್ದ ಲೋಕನಾಥ ಅವನೊಬ್ಬನೇ.

ಕಳೆದ ವರ್ಷ ಒಂದು ಮಗು, “ಈ ಅಂಕಲ್ ಯಾವಾಗಲೂ ಸಿಟ್ಟಲ್ಲೇ ಇರ್ತಿದ್ರಾ?” ಎಂದು ತಾಯಿಯನ್ನು ಕೇಳಿತ್ತು. ಆ ಮಾತು ಲೀಲಾಕ್ಷಿಯಕ್ಕನನ್ನು ಬಿಡಲೇ ಇಲ್ಲ. ಈ ಕಟ್ಟಡದಲ್ಲಿ ಅವನ ನಗು ನೆನಪಿರುವವರು ತಾವೊಬ್ಬರೇ. ತಾವೂ ಹೋದರೆ ಉಳಿಯುವುದು ಫೋಟೊದ ಈ ಮುಖ ಮಾತ್ರ. ಅದಕ್ಕೇ ಈ ಸಲ ತಾವು ಮಾತಾಡುವುದಾಗಿ ಸೊಸೈಟಿಯ ಕಾರ್ಯದರ್ಶಿ ಕೇದಾರನಿಗೆ ಹೇಳಿಬಿಟ್ಟರು.

ಕೇದಾರ ಸೊಲ್ಲಾಪುರದ ಕಡೆಯವನು. “ಮಾತಾಡ್ರಿ ಕಾಕೂ. ಆದ್ರ ಶೌರ್ಯದ ಮಾತು ಹೇಳ್ರಿ. ಮಂದಿಗೆ ಮೈ ಝುಂ ಅನ್ನಬೇಕ್ರಿ” ಎಂದ.

ಹೊರಡುವಾಗ ಸೊಸೆ ಪ್ರಣೀತಾ ಸೆರಗಿಗೆ ಪಿನ್ನು ಹಾಕುತ್ತ, “ಅತ್ತೆ, ಮೈಕ್ ಹಿಡ್ಕೊಂಡು ಅಳ್ಬೇಡಿ ಆಯ್ತಾ?” ಎಂದಳು.

“ನಿನ್ನ ಮದುವೆಯಲ್ಲಿ ನೀನು ಅತ್ತಷ್ಟು ನಾನು ಅಳುವುದಿಲ್ಲ ಮಾರಾಯ್ತಿ.”

ಮಳೆ ಹನಿಯುತ್ತಿತ್ತು. ಕುರ್ಚಿಗಳನ್ನು ಪಾರ್ಕಿಂಗಿನಲ್ಲಿ ಹಾಕಿದ್ದರು. ಲೀಲಾಕ್ಷಿಯಕ್ಕ ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲೇ ಶುರುಮಾಡಿದರು. ಕಾಪುವಿನಿಂದ ಪುಣೆಗೆ ಬಂದ ತಮ್ಮ, ಶಿವಾಜಿನಗರದಲ್ಲಿದ್ದ ಭಾವನ ಹೋಟೆಲಿನಲ್ಲಿ ಸಪ್ಲೈಯರ್ ಆದದ್ದು. ಸೈನ್ಯ ಸೇರಿದ ಮೇಲೂ ರಜೆಗೆ ಬಂದಾಗಲೆಲ್ಲ ಹೆಗಲಿಗೆ ಬಟ್ಟೆ ಹಾಕಿಕೊಂಡು ಟೇಬಲ್ಲುಗಳ ನಡುವೆ ಓಡಾಡುತ್ತಿದ್ದದ್ದು. ಹೇಳುತ್ತಾ ಹೇಳುತ್ತಾ ಅವರಿಗೆ ಆ ಹೋಟೆಲಿನ ಗದ್ದಲವೇ ಕಿವಿಯಲ್ಲಿ ತುಂಬಿಕೊಂಡಿತು.

“ಕೊನೆಯ ರಜೆಯಲ್ಲಿ ಒಂದು ದಿನ, ಒಂದೇ ಕೈಯಲ್ಲಿ ನಾಲ್ಕು ಬಟ್ಟಲು ಸಾಂಬಾರ್ ತರ್ತೇನೆ ಅಂತ ಪಂಥ ಕಟ್ಟಿದ. ಮೂರು ಸರಿಯಾಗಿ ಬಂತು. ನಾಲ್ಕನೆಯದು ಒಬ್ಬನ ಬಿಳಿ ಶರ್ಟಿನ ಮೇಲೆ ಬಿತ್ತು. ಅವನು ಹೆಣ್ಣು ನೋಡಲಿಕ್ಕೆ ಹೊರಟಿದ್ದ!”

ಮಕ್ಕಳು ಗೊಳ್ಳೆಂದರು. ಕೇದಾರ ಕೆಮ್ಮಿದ.

“ಲೋಕು ತನ್ನ ಹೊಸ ಶರ್ಟು ಅಲ್ಲೇ ಬಿಚ್ಚಿ ಅವನಿಗೆ ತೊಡಿಸಿ ಕಳಿಸಿದ. ಸಂಜೆವರೆಗೆ ಬನಿಯನ್ನಿನಲ್ಲೇ ಬಡಿಸಿದ.”

“ಆ ಬಿಳಿ ಶರ್ಟಿನ ಅಂಕಲ್‌ಗೆ ಮದುವೆ ಆಯ್ತಾ?” ಹಿಂದಿನಿಂದ ಒಂದು ಪುಟ್ಟ ದನಿ.

“ಆಯ್ತು. ಶರ್ಟು ವಾಪಸ್ ಕೊಡಲಿಕ್ಕೆ ಹೆಂಡತಿಯನ್ನೂ ಕರ್ಕೊಂಡು ಬಂದ. ಲೋಕು ಆಗ ಕಾರ್ಗಿಲ್ ಬೆಟ್ಟದ ಮೇಲಿದ್ದ…”

ಅಷ್ಟಕ್ಕೇ ನಿಲ್ಲಿಸಿ ಲೀಲಾಕ್ಷಿಯಕ್ಕ ಫೋಟೊದ ಕಡೆ ತಿರುಗಿದರು. ಕೇದಾರ ಮೆಲ್ಲನೆ ಮೈಕ್ ತೆಗೆದುಕೊಂಡು ಮೌನಾಚರಣೆ ಎಂದ. ಎಲ್ಲರೂ ಎದ್ದರು. ಆ ಮೌನದೊಳಗೆ ಎಲ್ಲೋ ಒಂದು ಮಗು ಕಿಸಕ್ಕೆಂದಿತು, ಇನ್ನೊಂದು ಬಾಯಿ ಮುಚ್ಚಿಕೊಂಡಿತು. ಕೇದಾರ ಮಕ್ಕಳತ್ತ ಕಣ್ಣು ಕೆಂಪು ಮಾಡಿದ. ಲೀಲಾಕ್ಷಿಯಕ್ಕ ಅವನ ತೋಳು ಮುಟ್ಟಿ, ಇರಲಿ ಬಿಡು ಎಂಬಂತೆ ತಲೆಯಾಡಿಸಿದರು. ಇಷ್ಟು ವರ್ಷ ಆ ಮೌನದಲ್ಲಿ ತಮ್ಮನನ್ನು ಹುಡುಕುತ್ತಿದ್ದವರಿಗೆ ಅವನು ಇವತ್ತು ಸಿಕ್ಕಿದ್ದ.

ಕಾರ್ಯಕ್ರಮ ಮುಗಿದಾಗ ಮೂರನೆಯ ಮಹಡಿಯ ಕೇತಕಿ ಅವರ ಸೆರಗು ಜಗ್ಗಿದಳು. “ಆಜೀ, ಲೋಕು ಅಂಕಲ್ ಮತ್ತೇನು ಮಾಡ್ತಿದ್ರು? ಮುಂದಿನ ವರ್ಷ ಹೇಳ್ತೀರಾ?”

“ಮುಂದಿನ ವರ್ಷದ ತನಕ ಯಾಕೆ ಪುಟ್ಟಾ?” ಕೇದಾರ ಮಡಚಲು ಹೊರಟಿದ್ದ ಕುರ್ಚಿಯೊಂದನ್ನು ಲೀಲಾಕ್ಷಿಯಕ್ಕ ಅವನ ಕೈಯಿಂದ ಎಳೆದುಕೊಂಡು ಕೂತರು. “ನಿನ್ನ ಗೆಳೆಯರನ್ನೂ ಕರಿ.”